ಯದಿಬೇಲನ ಗೂಡು

ಮರಳುಗಾಡಿನ ನಡುವಿನ ತದ್ಮೋರ್ ಊರಿನಲ್ಲಿ ಒಂಟೆ ಹೊಡೆಯುವ ಯದಿಬೇಲನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಹದೀರಾ ಒಬ್ಬಳೇ. ಉಳಿದವರಿಗೆಲ್ಲ ಅವನು ‘ಅಯ್ಯೋ’. “ಏ ಅಯ್ಯೋ, ಯಾವಾಗ ಬಂದೆ?” ಎಂದು ಸಂತೆಯಲ್ಲಿ ಯಾರಾದರೂ ಕೂಗಿದರೆ ಅವನು ತಟ್ಟನೆ ತಿರುಗುತ್ತಿದ್ದ. ಯದಿಬೇಲ್ ಎಂದರೆ ಇನ್ಯಾರನ್ನೋ ಕರೆದರೆಂದು ಸುಮ್ಮನೆ ನಡೆದುಬಿಡುತ್ತಿದ್ದ.

ಆ ಹೆಸರು ಹುಟ್ಟಿದ್ದು ಊರಿನ ಪಶ್ಚಿಮದ ಗೋರಿ ಕಣಿವೆಯಲ್ಲಿ. ತದ್ಮೋರಿನವರು ಸತ್ತವರನ್ನು ಗೋರಿಮನೆಯ ಗೋಡೆಗೂಡಿನಲ್ಲಿ ಉದ್ದಕ್ಕೆ ಮಲಗಿಸಿ, ಗೂಡಿನ ಬಾಯಿಗೆ ಅವರ ಮುಖ ಕೆತ್ತಿದ ಕಲ್ಲು ಮುಚ್ಚುತ್ತಾರೆ. ಕಿವಿಯ ಪಕ್ಕದಲ್ಲಿ ಹೆಸರು, ಹೆಸರಿನ ಕೆಳಗೆ ಒಂದೇ ಮಾತು, ‘ಅಯ್ಯೋ’. ಯದಿಬೇಲನ ಮನೆತನದ ಗೋರಿಮನೆಯಲ್ಲಿ, ಅವನ ಅಪ್ಪನ ಗೂಡಿನ ಪಕ್ಕದಲ್ಲೇ, ‘ಯದಿಬೇಲ್, ಮಾಲಿಖುವಿನ ಮಗ. ಅಯ್ಯೋ’ ಎಂಬ ಕಲ್ಲಿತ್ತು. ಕಲ್ಲಿನ ಮುಖಕ್ಕೆ ಸುರುಳಿ ಸುರುಳಿಯಾದ ಗಡ್ಡ, ಉಬ್ಬಿದ ಕೆನ್ನೆ, ಬೆರಳಲ್ಲಿ ಉಂಗುರ. ಯದಿಬೇಲನಿಗೆ ಇವು ಮೂರೂ ಎಂದೂ ಇರಲಿಲ್ಲ.

ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ಪೂರ್ವಕ್ಕೆ ಹೊರಟ ಒಂಟೆಸಾಲಿನೊಂದಿಗೆ ಹೋಗಿದ್ದ. ಪೂರ್ವದ ದೊಡ್ಡ ಹೊಳೆ ದಾಟಿ, ಅದು ಸಮುದ್ರ ಸೇರುವ ಬಂದರಿಗೆ ಹೋಗಿ, ಮೆಣಸು ಮತ್ತು ನೂಲು ಹೇರಿಕೊಂಡು ಬರುವ ಹಳೆಯ ದಾರಿ ಅದು. ಆ ವರ್ಷ ಪಾರಸಿಕರ ದೊರೆ ದಾರಿ ಮುಚ್ಚಿದ. ಸಾಲಿನ ಮೇಲೆ ಕುದುರೆಯವರು ಬಿದ್ದರು. ತಪ್ಪಿಸಿಕೊಂಡು ಬಂದವರು ಹದೀರಾಳ ಮುಂದೆ ಒಂದು ಕಂಬಳಿ ಇಟ್ಟರು. ರಕ್ತ ಒಣಗಿ ಗಟ್ಟಿಯಾಗಿದ್ದ ಕಂಬಳಿ. ಅದರ ಅಂಚು ಅವಳೇ ನೇಯ್ದದ್ದು. ಅವಳು ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಮಗ ಸತ್ತನೆಂದು ಒಪ್ಪಲಿಲ್ಲ. ಆದರೆ ಹೆಣ ಸಿಗದವನಿಗೂ ಗೂಡು ಇರಲೇಬೇಕು, ಇಲ್ಲದಿದ್ದರೆ ಅವನ ನೆರಳು ಬಾವಿಕಟ್ಟೆಗಳಲ್ಲಿ ಅಲೆಯುತ್ತದೆ ಎಂದು ನೆಂಟರು ಹಟ ಹಿಡಿದರು. ಕಂಬಳಿಯನ್ನು ಗೂಡಿನಲ್ಲಿಟ್ಟು ಕಲ್ಲು ಮುಚ್ಚಿದರು.

ಯದಿಬೇಲ್ ಸತ್ತಿರಲಿಲ್ಲ. ಪಾರಸಿಕರ ನಾಡಿನಲ್ಲಿ, ಸೆರೆಯಾಳುಗಳ ಗುಂಪಿನಲ್ಲಿ, ಹೊಳೆಗೆ ಅಡ್ಡಕಟ್ಟೆ ಕಟ್ಟುತ್ತಿದ್ದ. ಅಲ್ಲಿ ಗಾರೆ ಕಲಸಲು ಕಲಿತ, ಕಾಲ್ಬೆರಳೊಂದನ್ನು ಕಳೆದುಕೊಂಡ, ಕಟ್ಟೆ ಮುಗಿದ ಮೇಲೆ ಕಾವಲು ಸಡಿಲವಾದ ದಿನ ಓಡಿ ಬಂದ. ತದ್ಮೋರಿನ ಬಾಗಿಲಲ್ಲಿ ಅವನನ್ನು ಮೊದಲು ಕಂಡವನು ಕಲ್ಲುಕುಟಿಗ ಬೋಲ್ಹಾ. ಕತ್ತೆಯ ಮೇಲಿನಿಂದ ಜಾರಿ ಬಿದ್ದ.

“ಲೇ, ನಿನ್ನ ಸಾವಿನೂಟ ನಾನೇ ಉಂಡಿದ್ದೀನಿ ಕಣೋ! ಕುರಿ ಬಲು ಚೆನ್ನಾಗಿ ಬೆಂದಿತ್ತು. ಈಗ ಎಲ್ಲಿಂದ ವಾಪಸ್ ಕೊಡ್ಲಿ?”

ಗೋರಿಮನೆಗೆ ಕರೆದೊಯ್ದು ತೋರಿಸಿದವನೂ ಅವನೇ. ಯದಿಬೇಲ್ ಕಲ್ಲನ್ನು ಬಹಳ ಹೊತ್ತು ನೋಡಿದ.

“ಇದು ಯಾರ ಮೂತಿ ಬೋಲ್ಹಾ? ನನಗೆ ಗಡ್ಡ ಎಲ್ಲಿತ್ತು?”

“ಸತ್ಮೇಲೆ ಬೆಳೀತು ಅಂದ್ಕೋ. ಅದು ಸಿದ್ಧ ಇದ್ದ ಕಲ್ಲು ಮಾರಾಯ. ಯಾರೋ ಸಾಹುಕಾರನ ಮಗನಿಗೆ ಅಂತ ಕೆತ್ತಿದ್ದೆ, ಅವನು ಕಾಯಿಲೆ ವಾಸಿಯಾಗಿ ಎದ್ದು ಕೂತುಬಿಟ್ಟ. ನಿನ್ನವ್ವ ಕಣ್ಣು ಬಿಟ್ಕೊಂಡು ಕಲ್ಲಿನ ಹಾಗೆ ಕೂತಿದ್ರೆ ನಿನ್ನ ಮೂಗಿನ ಅಳತೆ ಕೇಳೋಕಾಗ್ತಿತ್ತಾ?”

ಯದಿಬೇಲ್ ಕಲ್ಲು ತೆಗೆಸೋಣ ಎಂದ. ಹದೀರಾ ನಕ್ಕಳು. “ಇರ್ಲಿ ಬಿಡು ಮಗಾ. ಆ ಕಲ್ಲು ನಿನ್ನ ಬದ್ಲು ಸತ್ತಿದೆ. ಸಾವು ನಿನ್ನ ಹುಡುಕ್ಕೊಂಡು ಬಂದ್ರೆ ಅಲ್ಲಿ ನೋಡ್ಕೊಂಡು ‘ಓ, ಇವನದು ಆಗೋಯ್ತು’ ಅಂತ ಹಿಂದಕ್ಕೆ ಹೋಗ್ಲಿ.”

ಊರಿನವರೂ ನಕ್ಕರು. ಆದರೆ ಗೋರಿಯಲ್ಲಿ ಮುಖವಿರುವವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ. ಯದಿಬೇಲನಿಗೂ ಊರಿನಲ್ಲಿ ಕಾಲು ನಿಲ್ಲಲಿಲ್ಲ. ಮನೆಯ ಚಾಪೆಯ ಮೇಲೆ ಮಲಗಿದರೆ ಗೂಡಿನಲ್ಲಿ ಮಲಗಿದಂತಾಗುತ್ತಿತ್ತು. ಎದ್ದು ಅಂಗಳಕ್ಕೆ ಬರುತ್ತಿದ್ದ, ಅಂಗಳದಿಂದ ಬೀದಿಗೆ, ಬೀದಿಯಿಂದ ಒಂಟೆಗಳು ಕೂರುವ ಬಯಲಿಗೆ. ಅಲ್ಲಿ ಹೊರಡಲು ಸಿದ್ಧವಾದ ಸಾಲು ಇದ್ದರೆ ಎಲ್ಲಿಗೆಂದು ಸಹ ಕೇಳದೆ ಹಗ್ಗ ಹಿಡಿಯುತ್ತಿದ್ದ. ಹೋದಲ್ಲಿ ಮನೆಯ ನೆನಪು ಕಾಡುತ್ತಿತ್ತು, ಮನೆಗೆ ಬಂದರೆ ಹಾದಿ ಕರೆಯುತ್ತಿತ್ತು. ಕಾದ ಹಂಚಿನ ಮೇಲೆ ನಿಂತವನು ಎಡಗಾಲು ಬಲಗಾಲು ಬದಲಿಸುವಂತೆ ಅವನ ಬದುಕು ನಡೆಯಿತು.

ಊರಿನ ಯಜಮಾನಿಕೆಯೂ ಹಾಗೆಯೇ ಕಾಲು ಬದಲಿಸುತ್ತಿತ್ತು. ಅವನು ಹುಟ್ಟಿದಾಗ ಸುಂಕದ ಕಟ್ಟೆಯಲ್ಲಿ ರೋಮಿನವರು. ಅವನು ಸೆರೆಯಿಂದ ಬಂದಾಗ ಊರಿನ ರಾಣಿಯದೇ ಆಳ್ವಿಕೆ, ರೋಮಿನ ಹೆಸರು ಬರೀ ನಾಲಿಗೆಯ ತುದಿಯಲ್ಲಿ. ಆಮೇಲೆ ರಾಣಿ ಈಜಿಪ್ಟಿಗೆ ದಂಡು ಕಳಿಸಿದಳು. ದಂಡಿಗೆ ನೀರು ಹೊರಲು ಒಂಟೆಗಳು ಬೇಕಾದವು, ಒಂಟೆಗಳ ಜೊತೆ ಯದಿಬೇಲನೂ ಹೋದ. ಬಟ್ಟೆ ವ್ಯಾಪಾರಿ ಅತೆನೂರಿಯ ಮಗ ಹೈರಾನ್ ಬಿಲ್ಲು ಹಿಡಿದು ಅದೇ ದಂಡಿನಲ್ಲಿ ಹೋದ. ಯದಿಬೇಲ್ ತಿರುಗಿ ಬರುವ ಹೊತ್ತಿಗೆ ರಾಣಿ ಇರಲಿಲ್ಲ, ರೋಮಿನ ದಂಡು ಊರನ್ನು ಸೂರೆ ಮಾಡಿ ಹೋಗಿತ್ತು. ಕಂಬಸಾಲಿನ ಬೀದಿಯಲ್ಲಿ ಸುಟ್ಟ ತೊಲೆಗಳ ವಾಸನೆ. ಹೈರಾನ್ ಬರಲೇ ಇಲ್ಲ. ಹದೀರಾ ಮಾತ್ರ ಚಾವಣಿಯಿಲ್ಲದ ಮನೆಯ ಹೊಸ್ತಿಲಲ್ಲಿ ಕೂತು ಖರ್ಜೂರದ ಬೀಜ ಅರೆಯುತ್ತಿದ್ದಳು.

“ಬಂದ್ಯಾ? ಕಾಲು ತೊಳ್ಕೋ” ಎಂದಳು, ಅವನು ನೀರಿನ ಊಟೆಯ ಬಳಿಗೆ ಹೋಗಿ ಬಂದವನ ಹಾಗೆ.

ಆ ಬಾರಿ ಯದಿಬೇಲ್ ಮತ್ತೆ ಕಲ್ಲಿನ ಮಾತೆತ್ತಿದ. ಅವಳು ನಗಲಿಲ್ಲ. “ಆ ಗೂಡಿನ ಸುದ್ದಿ ನನ್ನ ಮುಂದೆ ಎತ್ತಬೇಡ” ಎಂದು ಎದ್ದು ಒಳಗೆ ಹೋದಳು. ಇನ್ನೊಂದು ಬದಲಾವಣೆಯನ್ನೂ ಅವನು ಕಂಡ. ಹಬ್ಬಕ್ಕಷ್ಟೇ ಗೋರಿಮನೆಗೆ ಹೋಗುತ್ತಿದ್ದ ತಾಯಿ, ಈಗ ನಡುನಡುವೆ ಒಬ್ಬಳೇ ಧೂಪ ಹಿಡಿದು ಹೋಗುತ್ತಿದ್ದಳು. ಅಪ್ಪನ ಗೂಡಿಗೆ ಇರಬೇಕು ಎಂದು ಅವನು ಬಿಟ್ಟುಬಿಟ್ಟ. ಬಿಟ್ಟುಬಿಡುವುದು ಅವನಿಗೆ ಸುಲಭ, ಸಾಲು ಹೊರಡುವುದರಲ್ಲಿತ್ತು.

ವರ್ಷಗಳು ಕಳೆದವು. ಸರಕು ಈಗ ತದ್ಮೋರನ್ನು ಬಿಟ್ಟು ಬಡಗಣ ದಾರಿ ಹಿಡಿಯಿತು. ಬಡತನಕ್ಕೆ ಹದೀರಾಳ ಮೈದುನರು ಗೋರಿಮನೆಯ ಅರ್ಧ ಭಾಗವನ್ನು ಅತೆನೂರಿಗೆ ಮಾರಿದರು. ಗೋರಿಯ ಗೂಡು ಮಾರುವುದು ತದ್ಮೋರಿನಲ್ಲಿ ತೋಟದ ನೀರು ಮಾರಿದಷ್ಟೇ ಸಹಜ. ಅತೆನೂರಿ ತನ್ನ ಭಾಗದಲ್ಲಿ ಮೊದಲು ಇಡಿಸಿದ್ದು ಹೈರಾನನ ಮುಖ. ಅದರ ಹಿಂದೆ ಒಂದು ಅಂಗಿ, ಅಷ್ಟೇ. ರೋಮಿನವರು ಊರಿನ ಪಡುವಣದಲ್ಲಿ ಪಾಳೆಯ ಕಟ್ಟತೊಡಗಿದರು, ಊರಿಗೆ ಹೊಸ ಗೋಡೆ ಎತ್ತಿದರು, ಗೋಡೆಯ ಹತ್ತಿರದ ಗೋರಿಗೋಪುರಗಳ ಕಲ್ಲು ಕಿತ್ತು ಅದಕ್ಕೇ ಜೋಡಿಸಿದರು.

ಒಂದು ಬೇಸಗೆಯಲ್ಲಿ ಹದೀರಾಳ ಕಾಲುಗಳು ನೀರು ತುಂಬಿ ಊದಿಕೊಂಡವು. ಅವಳು ಹೊಸ್ತಿಲಿನಿಂದ ಏಳದಾದಳು. ದಕ್ಷಿಣಕ್ಕೆ ಹೊರಟಿದ್ದ ಸಾಲನ್ನು ಯದಿಬೇಲ್ ಮೊದಲ ಬಾರಿಗೆ ಬಿಟ್ಟುಕೊಟ್ಟ.

“ನನ್ನನ್ನ ಮರಳಲ್ಲಿ ಇಡು ಮಗಾ” ಎಂದಳು ಹದೀರಾ. “ತಂಪಾಗಿರತ್ತೆ.”

“ಅಪ್ಪ ಒಳಗಿದ್ದಾನೆ. ನೀನು ಯಾಕವ್ವ ಹೊರಗೆ? ಮರಳಲ್ಲಿ ನರಿ ಕೆದಕತ್ತೆ.”

“ಜಾಗ ಎಲ್ಲಿದೆ?”

ಜಾಗವಿರಲಿಲ್ಲ. ಸೂರೆಯ ವರ್ಷದಲ್ಲೇ ಅವರ ಭಾಗದ ಗೂಡುಗಳೆಲ್ಲ ತುಂಬಿದ್ದವು. ಕಂಬಳಿಯೊಂದನ್ನು ಬಿಟ್ಟರೆ ಬರಿದಾಗಿದ್ದದ್ದು ಒಂದೇ ಗೂಡು, ಅವನದು. ಆದರೆ ಅವಳು ಅದನ್ನು ಬಾಯಿಗೆ ತರಲಿಲ್ಲ, ಅವನೂ ತರಲಿಲ್ಲ. ಅವನು ಆಗಲೇ ಮನಸ್ಸು ಮಾಡಿಯಾಗಿತ್ತು. ಇಡೀ ಆಯುಷ್ಯ ಈ ಮನೆಯಲ್ಲಿ ಇರಲಾರದೆ ಓಡಿದವನು ತಾಯಿಗೆ ಒಂದು ಜಾಗವನ್ನಾದರೂ ಬಿಟ್ಟುಕೊಡಬೇಕು.

ಗೋರಿಮನೆಯ ಕಲ್ಲುಬಾಗಿಲಿನ ಬೀಗದ ಕೈ ಈಗ ಅತೆನೂರಿಯ ಸೊಂಟದಲ್ಲಿತ್ತು. ಅತೆನೂರಿ ಪಾಳೆಯದವರಿಗೆ ಉಣ್ಣೆ ಬಟ್ಟೆ ಮಾರುತ್ತಿದ್ದ. ಯಾವ ತಂಟೆಯೂ ಬೇಡವೆಂದು ತಲೆ ತಗ್ಗಿಸಿ ನಡೆಯುವ ಮುದುಕ. ಯದಿಬೇಲನ ಮಾತು ಕೇಳಿ ಅಳೆಯುತ್ತಿದ್ದ ಬಟ್ಟೆ ಕೆಳಗಿಟ್ಟ.

“ಬಾಗಿಲ ಮೇಲೆ ಏನು ಬರೆದಿದೆ, ಓದೋಕೆ ಬರತ್ತೋ ಇಲ್ವೋ? ಮುಚ್ಚಿದ ಗೂಡು ತೆರೆದವನಿಗೆ ರೊಟ್ಟಿನೂ ಇಲ್ಲ, ಸಂತಾನನೂ ಇಲ್ಲ, ಎಂದೆಂದಿಗೂ ಅಂತ.”

“ಬರತ್ತೆ ಯಜಮಾನ್ರೇ. ಆದ್ರೆ ಅದು ಸತ್ತವನ ಪರವಾಗಿ ಬರೆದಿದ್ದು. ಇಲ್ಲಿ ಸತ್ತವನೇ ಬಂದು ತೆಗೀರಿ ಅಂತಿದ್ದಾನಲ್ಲ.”

“ಸತ್ತವನು ಮಾತಾಡಬಾರದು. ಅದಕ್ಕೇ ಅವನನ್ನ ಸತ್ತವನು ಅನ್ನೋದು.”

“ಸಂತಾನ ನನಗೆ ಮೊದಲೇ ಇಲ್ಲ. ರೊಟ್ಟಿ ಇವತ್ತಿಗೆ ಇದೆ. ಶಾಪ ಬಂದ್ರೂ ಕಿತ್ಕೊಳ್ಳೋಕೆ ಏನಿದೆ ಹೇಳಿ?”

ಅತೆನೂರಿ ಗಡ್ಡ ತಿಕ್ಕಿದ. “ಒಳಗಿರೋದು ಕಂಬಳಿ ಒಂದೇ ತಾನೆ?”

“ಕಂಬಳಿ ಒಂದೇ.”

“ನಾನೂ ಬರ್ತೀನಿ. ಕಂಬಳಿ ತೆಗಿ, ನಿನ್ನವ್ವನ ಕಾಲ ಬಂದಾಗ ಇಡು. ಅದು ಬಿಟ್ಟು ಇನ್ನೇನೂ ಮುಟ್ಟಕೂಡದು.”

ಕಲ್ಲು ಬಿಡಿಸಲು ಬೋಲ್ಹಾನನ್ನು ಕರೆದರೆ ಅವನಿಗೆ ಇಲ್ಲದ ತೊಂದರೆಗಳೆಲ್ಲ ಬಂದವು. ಚಾಣ ಮೊಂಡಾಗಿದೆ, ಕತ್ತೆ ಕುಂಟುತ್ತಿದೆ, ಇವತ್ತು ದಿನ ಒಳ್ಳೆಯದಲ್ಲ. ಯದಿಬೇಲ್ ಅವನ ಚಾಣವನ್ನು ತಾನೇ ಮಸೆದ. ಕತ್ತೆಯನ್ನು ಬಿಟ್ಟು ನಡೆದೇ ಹೋದರು. ಕಣಿವೆಯಲ್ಲಿ ಪಾಳೆಯದ ಆಳುಗಳು ಪಕ್ಕದ ಗೋರಿಗೋಪುರದ ಕಲ್ಲು ಕೀಳುತ್ತಿದ್ದರು. ಸುತ್ತಿಗೆಯ ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು.

ಗೂಡಿನ ಮುಂದೆ ಬೋಲ್ಹಾ ಬೆವರು ಒರೆಸಿಕೊಂಡ. “ಬೇಡ ಕಣೋ. ನಿನ್ನವ್ವನ್ನ ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಾಳೆ.”

“ಬೇಡ ಅಂದ್ರೆ ಏನೋ ಕಾರಣ ಇರತ್ತಪ್ಪ.”

ಯದಿಬೇಲ್ ಚಾಣ ಕಿತ್ತುಕೊಂಡು ತಾನೇ ಕೈಹಚ್ಚಿದ. ಕಲ್ಲಿನ ಸುತ್ತಲಿನ ಗಾರೆ ಸಿಪ್ಪೆಯಂತೆ ಬಂತು. ಎರಡು ಪದರ: ಮೇಲಿನದು ಬೂದು, ಅವಸರದಲ್ಲಿ ಕಲಸಿದ್ದು, ಮರಳು ಹೆಚ್ಚು. ಅದರಡಿಯಲ್ಲಿ ಅಲ್ಲಲ್ಲಿ ಉಳಿದ ಹಳೆಯದು ಬಿಳಿ, ಕಲ್ಲಿನಷ್ಟೇ ಗಟ್ಟಿ. ಅಡ್ಡಕಟ್ಟೆಯಲ್ಲಿ ಗಾರೆ ಕಲಸಿದ ಕೈಗೆ ಅರ್ಥವಾಗದೇ ಇರುತ್ತದೆಯೇ? ಯಾರೋ ಈ ಕಲ್ಲನ್ನು ಒಮ್ಮೆ ತೆಗೆದು ಮತ್ತೆ ಮುಚ್ಚಿದ್ದಾರೆ.

ಅವನು ಬೋಲ್ಹಾನ ಮುಖ ನೋಡಿದ. ಬೋಲ್ಹಾ ನೆಲ ನೋಡಿದ.

ಕಲ್ಲು ಸರಿಯಿತು. ಬಾಗಿಲ ಬೆಳಕು ಒಳಕ್ಕೆ ಬಿತ್ತು. ಹದೀರಾ ನೇಯ್ದ ಅಂಚು ಕಂಡಿತು, ಕಂಬಳಿಯೊಳಗೆ ಸುತ್ತಿಟ್ಟ ಮನುಷ್ಯನ ಆಕಾರ ಕಂಡಿತು. ಕಂಬಳಿಯ ತುದಿಯಿಂದ ಹೊರಗೆ ಚಾಚಿದ್ದು ಎರಡು ಕಾಲು. ಕಾಲಲ್ಲಿ ಮೊಳೆ ಹೊಡೆದ ಮೆಟ್ಟು. ತದ್ಮೋರಿನ ಪ್ರತಿ ಮಗುವೂ ಕಲ್ಲುಹಾಸಿನ ಮೇಲೆ ಅದರ ಸದ್ದು ಕೇಳಿಯೇ ಬೆಳೆದದ್ದು. ರೋಮಿನ ಸಿಪಾಯಿಯ ಮೆಟ್ಟು.

“ಮುಚ್ಚು” ಎಂದ ಅತೆನೂರಿ. ಅವನ ದನಿ ಇಲಿಯ ದನಿಯಾಗಿತ್ತು. “ಮುಚ್ಚೋ! ಹೊರಗಡೆ ಪಾಳೆಯದವರಿದ್ದಾರೆ. ತಮ್ಮವನನ್ನ ಕೊಂದು ಗೋರಿಯಲ್ಲಿ ಬಚ್ಚಿಟ್ರು ಅಂತ ಗೊತ್ತಾದ್ರೆ ಗೋರಿನೂ ಉಳಿಯಲ್ಲ, ನಾವೂ ಉಳಿಯಲ್ಲ.”

ಯದಿಬೇಲ್, ಬೋಲ್ಹಾ ಇಬ್ಬರೂ ಕಲ್ಲನ್ನು ಎತ್ತಿ ಒರಗಿಸಿದರು. ಸುತ್ತಿಗೆಯ ಸದ್ದು ನಡೆದೇ ಇತ್ತು.

“ಯಾರು ಅದು?” ಎಂದ ಯದಿಬೇಲ್.

“ನಾನು ಬರೀ ಕತ್ತೆ ಕೊಟ್ಟೆ, ಕಲ್ಲು ತೆಗೆದು ಮುಚ್ಚಿದೆ, ಅಷ್ಟೇ” ಎಂದ ಬೋಲ್ಹಾ. “ಸೂರೆಯ ಮಾರನೇ ದಿನ. ನಿನ್ನವ್ವ ಬಂದು ಕರೆದ್ಲು. ಅವಳು ಕರೆದ್ರೆ ಬೇಡ ಅನ್ನೋಕಾಗತ್ತಾ? ಮೇಲೆ ಖರ್ಜೂರದ ಗರಿ ಹೇರ್ಕೊಂಡು ತಂದ್ವಿ.”

ಅತೆನೂರಿ ಯದಿಬೇಲನ ತೋಳು ಹಿಡಿದ. “ನೋಡು, ಒಂದು ಮಾತು ಹೇಳ್ತೀನಿ. ಆಳುಗಳು ಊಟಕ್ಕೆ ಹೋಗ್ಲಿ. ಇವನನ್ನ ಎಳೆದು ಆಚೆ ಮರಳಲ್ಲಿ ಹಾಕೋಣ. ನಮ್ಮ ಊರಿಗೆ ಬೆಂಕಿ ಇಟ್ಟವನು ತಾನೆ! ಗೂಡು ಪೂರ್ತಿ ನಿನ್ನವ್ವಂಗೆ. ನಾನೇ ಬಟ್ಟೆ ಕೊಡ್ತೀನಿ, ಮೈಗೆ ಹಚ್ಚೋಕೆ ರಕ್ತಬೋಳ ಕೊಡ್ತೀನಿ. ಆಯ್ತಾ?”

ಸುಲಭದ ದಾರಿ. ಯದಿಬೇಲನಿಗೆ ಬೇಕಾಗಿದ್ದೂ ಅದೇ, ತಾಯಿಗೆ ಅಪ್ಪನ ಪಕ್ಕದಲ್ಲಿ ಒಂದು ಗೂಡು. ಹೂಂ ಎಂದರೆ ಮುಗಿಯಿತು. ಅವನು ಕಂಬಳಿಯ ಅಂಚು ನೆನೆದ. ಅವಳು ಅದನ್ನು ಆ ಮೈಗೆ ಎಷ್ಟು ಬಿಗಿಯಾಗಿ, ಮಡಿಕೆ ಬೀಳದಂತೆ ಸುತ್ತಿದ್ದಳು!

“ಅವ್ವನ್ನ ಕೇಳಿ ಬರ್ತೀನಿ” ಎಂದು ಹೊರಟ.

ಹದೀರಾ ಹೊಸ್ತಿಲಲ್ಲೇ ಇದ್ದಳು. ಮಗನ ತೋಳಿನ ಗಾರೆಯ ಧೂಳು ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು:

“ತೆಗೆದ್ಯಾ?”

“ಯಾರವ್ವ ಅವನು?”

“ಹೆಸರು ಗೊತ್ತಿಲ್ಲ. ಲೂಟಿಗೆ ಬಂದವನೇ, ಒಳ್ಳೆಯವನು ಅಂತ ನಾನೇನೂ ಹೇಳಲ್ಲ. ಯಾರೋ ಮಾಳಿಗೆಯಿಂದ ಬೀಸೋಕಲ್ಲು ಎತ್ತಿ ಹಾಕಿದ್ರು. ತೆವಳ್ಕೊಂಡು ನಮ್ಮ ಹೊಸ್ತಿಲಿಗೆ ಬಂದ. ನಾನು ಒನಕೆ ಎತ್ತಿದ್ದೆ ಕಣೋ. ಹೊಡೆದೇಬಿಡೋಳು.” ಅವಳು ಕೈ ಎತ್ತಿ ತೋರಿಸಿದಳು. “ಅವನು ಹಿಂಗೆ ಬೊಗಸೆ ಮಾಡಿದ. ನೀರು. ಭಾಷೆ ಗೊತ್ತಿಲ್ಲ, ಆದ್ರೆ ನೀರು ಅಂತ ಗೊತ್ತಾಯ್ತು. ಕೊಟ್ಟೆ. ಸಂಜೆವರೆಗೂ ಏನೋ ಮಾತಾಡ್ತಾ ಇದ್ದ. ಆಮೇಲೆ ನಿಂತುಹೋಯ್ತು.”

“ರೋಮಿನವರಿಗೇ ಕೊಡಬಹುದಿತ್ತಲ್ಲ?”

“ಸತ್ತ ಸಿಪಾಯಿ ಸಿಕ್ಕಿದ ಬೀದಿಗೆ ಬೆಂಕಿ ಇಡ್ತಿದ್ರು. ನಮ್ಮವರಿಗೆ ಕೊಟ್ಟಿದ್ರೆ ಒಣಬಾವಿಗೆ ಎಸೀತಿದ್ರು. ನೀನು ಆಗ ಈಜಿಪ್ಟಲ್ಲಿ. ಇದೀಯೋ ಇಲ್ವೋ ಗೊತ್ತಿಲ್ಲ. ನಿನ್ನ ಗೂಡು ಖಾಲಿ ಇತ್ತು. ಇವನಿಗೆ ನಾನು ನಿನ್ನ ಜಾಗ ಕೊಟ್ರೆ, ಅಲ್ಲಿ ಯಾರಾದ್ರೂ ಒಬ್ಳು ನಿನಗೆ ಒಂದು ಬೊಗಸೆ ನೀರು ಕೊಡ್ತಾಳೇನೋ ಅಂದ್ಕೊಂಡೆ. ಮೆಟ್ಟು ಬಿಚ್ಚೋಕೆ ಆಗ್ಲಿಲ್ಲ, ಕಾಲು ಊದಿತ್ತು. ಈಗ ನನ್ನದೂ ಹಂಗೇ ಆಗಿದೆ ನೋಡು.”

ಯದಿಬೇಲ್ ಅವಳ ಪಕ್ಕದಲ್ಲಿ ಕುಕ್ಕರಿಸಿದ. “ಅವನನ್ನ ತೆಗೆದ್ರೆ ನಿನಗೆ ಗೂಡು ಕೊಡ್ತೀನಿ ಅಂತಾನೆ ಅತೆನೂರಿ. ಬಟ್ಟೆನೂ ಕೊಡ್ತಾನಂತೆ.”

“ಹೊಸ್ತಿಲಿಗೆ ಬಂದವನನ್ನ ಎಬ್ಬಿಸಿ ನಾನು ಮಲಗಲಾ? ಅದಕ್ಕೇ ಮರಳು ಅಂದಿದ್ದು.”

ಆಗ ಗೋಡೆಯ ಮರೆಯಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಅತೆನೂರಿ. ಯದಿಬೇಲ್ ಏನು ತೀರ್ಮಾನ ತರುತ್ತಾನೋ ಎಂಬ ದಿಗಿಲಿಗೆ ಬೆನ್ನಹಿಂದೆಯೇ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಅವನು ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಕೇಳಿದ:

“ಹದೀರಾ, ಆ ಕಡೇನೂ... ನಮ್ಮ ಹೈರಾನಂಗೆ... ಯಾರಾದ್ರೂ ಒಬ್ಳು ಹಿಂಗೆ ಮಾಡಿರ್ತಾಳಾ?”

ಸುಳ್ಳು ಹೇಳಿ ಅವನನ್ನು ಸಮಾಧಾನ ಮಾಡುವುದು ಹದೀರಾಳಿಗೆ ಕಷ್ಟವಾಗುತ್ತಿರಲಿಲ್ಲ. ಆದರೂ ಹೇಳಲಿಲ್ಲ.

“ನನಗೆ ಗೊತ್ತಿಲ್ಲಪ್ಪ. ಮಾಡಿರ್ತಾಳೆ ಅಂದ್ಕೊಂಡೇ ನಾನು ಮಾಡಿದ್ದು.”

ಅತೆನೂರಿ ಸೊಂಟದ ಬೀಗದ ಕೈಯನ್ನು ಬಿಚ್ಚಿದ, ಕೈಯಲ್ಲಿ ತಿರುಗಿಸಿದ, ಹೊಸ್ತಿಲ ಮೇಲಿಟ್ಟು ಹೋದ.

ಆ ಸಂಜೆ ಹದೀರಾ ಪೆಟ್ಟಿಗೆಯಿಂದ ಒಂದು ಎಲುಬಿನ ಬಾಚಣಿಗೆ ತೆಗೆಸಿದಳು. ಅದರ ಎರಡು ತುದಿಗೂ ಒಂದೊಂದು ಕುದುರೆ ತಲೆ ಕೆತ್ತಿತ್ತು. ತದ್ಮೋರಿನ ಕೆಲಸವಲ್ಲ, ಪಾರಸಿಕರದ್ದೂ ಅಲ್ಲ. ಯದಿಬೇಲ್ ತಿರುಗಿದ ಯಾವ ಸಂತೆಯಲ್ಲೂ ಅಂಥದ್ದನ್ನು ಕಂಡಿರಲಿಲ್ಲ. ಸಿಪಾಯಿಯ ಸೊಂಟದ ಚೀಲದಲ್ಲಿದ್ದದ್ದು.

“ನೀನು ಬರೀ ಪೂರ್ವ, ದಕ್ಷಿಣ ಅಂತ ತಿರುಗಿದೆ. ಪಡುವಣಕ್ಕೆ ಹೋಗಲೇ ಇಲ್ಲ. ಇದು ಯಾವ ಕಡೆಯ ಕೆತ್ತನೆ ಅಂತ ಕೇಳು. ಅಲ್ಲಿ ಬಾಗಿಲಿಗೆ ಬಂದು ನೋಡ್ತಿರೋಳು ಒಬ್ಳು ಇರ್ತಾಳೆ. ನಾನೂ ನೋಡಿದೋಳೇ. ಬರಲ್ಲ ಅಂತ ಗೊತ್ತಾದ್ರೆ ಒಂದು ಕಡೆ ಕೂತ್ಕೋಬಹುದು.”

“ಅಷ್ಟು ದೊಡ್ಡ ಲೋಕದಲ್ಲಿ ಎಲ್ಲಿ ಅಂತ ಹುಡುಕ್ಲವ್ವ?”

“ನೀನು ಹೆಂಗೂ ಕೂರೋನಲ್ಲ. ತಿರುಗೋನು ಏನಾದ್ರೂ ಹಿಡ್ಕೊಂಡು ತಿರುಗು.”

ಖರ್ಜೂರದ ಗೊನೆ ಕೆಂಪಾಗುವ ಹೊತ್ತಿಗೆ ಅವಳು ತೀರಿಕೊಂಡಳು. ಕೊನೆಗಾಲದಲ್ಲಿ ಹುಡುಗಿಯಷ್ಟು ಚಿಕ್ಕದಾಗಿದ್ದ ಮೈ; ಗೂಡಿನಲ್ಲಿ ಆ ಸಿಪಾಯಿಯನ್ನು ಎಬ್ಬಿಸದೆಯೇ ಅವನ ಪಕ್ಕಕ್ಕೆ ಇಕ್ಕಟ್ಟಿಲ್ಲದೆ ಹಿಡಿಸಿತು. ಅತೆನೂರಿ ಕೇಳದೆಯೇ ಚೀನಾದ ರೇಷ್ಮೆಯ ಪಟ್ಟಿ ತಂದ, ರಕ್ತಬೋಳ ತಂದ. ಕಾಲಿನ ಕಡೆ ಕಂಬಳಿ ಸರಿದಿದ್ದನ್ನು ತಾನೇ ಎಳೆದು ಮೆಟ್ಟು ಕಾಣದಂತೆ ಮುಚ್ಚಿದ. ಪಾಳೆಯಕ್ಕೆ ಉಣ್ಣೆ ಮಾರುವ ಕೈ ಅದು.

ಬೋಲ್ಹಾ ಗಡ್ಡದ ಮುಖದ ಕಲ್ಲನ್ನು ಮತ್ತೆ ಕೂರಿಸಿದ. ಹಳೆಯ ಹೆಸರಿನ ಕೆಳಗೆ ‘ಹದೀರಾ, ಅವನ ತಾಯಿ. ಅಯ್ಯೋ’ ಎಂದು ಕೆತ್ತಿದ. ಗಾರೆಯನ್ನು ಯದಿಬೇಲ್ ತಾನೇ ಕಲಸಿದ, ಮರಳು ಕಡಿಮೆ, ಸುಣ್ಣ ಹೆಚ್ಚು, ಪಾರಸಿಕರ ಅಡ್ಡಕಟ್ಟೆಗೆ ಕಲಸಿದ ಹಾಗೆ. ಇನ್ನು ಅದನ್ನು ಯಾರೂ ಸುಲಭವಾಗಿ ತೆಗೆಯಲಾರರು.

“ನಿನಗೆ ಜಾಗ ಎಲ್ಲೋ ಈಗ?” ಎಂದ ಬೋಲ್ಹಾ.

“ನನ್ನದು ಯಾವಾಗಲೋ ಆಗೋಯ್ತಲ್ಲ.”

ಅಂಗಳದಲ್ಲಿ ಸಾವಿನೂಟಕ್ಕೆ ಕುರಿ ಬೇಯುತ್ತಿತ್ತು. ನೆಂಟರು ಕೂತಿದ್ದರು. ಯದಿಬೇಲ್ ಕೂತ, ಎದ್ದ, ಬಾಗಿಲವರೆಗೆ ಹೋಗಿ ಬಂದ, ಮತ್ತೆ ಕೂತ. ಪಡುವಣಕ್ಕೆ, ಎಮೆಸಾ ಊರಿನ ಕಡೆಗೆ ಉಪ್ಪಿನ ಸಾಲೊಂದು ಹೊರಡುತ್ತಿದೆ ಎಂದು ಬೆಳಗ್ಗೆಯೇ ಕೇಳಿ ತಿಳಿದುಕೊಂಡಿದ್ದ. ತಟ್ಟೆಗಳು ಬರುವ ಮೊದಲೇ ಅವನು ಒಂಟೆಯ ಪಟ್ಟಿ ಬಿಗಿಯುತ್ತಿರುವುದನ್ನು ಬೋಲ್ಹಾ ಗೋಡೆಯ ಮೇಲಿನಿಂದ ಕಂಡ.

“ಏ ಅಯ್ಯೋ! ಊಟ ಮುಗಿಸ್ಕೊಂಡಾದ್ರೂ ಹೋಗೋ!”

“ನನ್ನ ಪಾಲೂ ನೀನೇ ಉಣ್ಣು” ಎಂದ ಯದಿಬೇಲ್, ಎದೆಯ ಹತ್ತಿರ ಬಾಚಣಿಗೆ ಇದೆಯೇ ಎಂದು ಅಂಗಿಯ ಮೇಲಿಂದ ಮುಟ್ಟಿ ನೋಡಿಕೊಳ್ಳುತ್ತ. “ನಿನಗೆ ಅಭ್ಯಾಸ ಇದೆಯಲ್ಲ.”

ಒಂಟೆ ಗೊಣಗುತ್ತ ಎದ್ದು ನಿಂತಿತು. ಅವನು ಅದರ ಹಗ್ಗ ಹಿಡಿದು, ಮೊದಲ ಬಾರಿಗೆ, ಎಲ್ಲಿಗೆಂದು ಕೇಳಿಕೊಂಡು ಸಾಲನ್ನು ಸೇರಿದ.